ಬೀರುವಿನ ಮೇಲಿನ ಗಿಟಾರ್ ಕೆಳಗಿಳಿಸಿ

ಕಬ್ಬು ಕಡಿದ ಕೈಯಲ್ಲೇ ಗದೆ ಹಿಡಿಯುವ ಊರುಗಳು ನಮ್ಮವು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಯಾವ ಹಳ್ಳಿಗೆ ಹೋದರೂ ‘ಕುರುಕ್ಷೇತ್ರ’ ನಾಟಕ ಆಡಿದ ಒಬ್ಬ ದುರ್ಯೋಧನ ಸಿಗುತ್ತಾನೆ. ಹಗಲು ಗದ್ದೆಗೆ ನಾಲೆ ನೀರು ಕಟ್ಟುತ್ತಾನೆ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿಯುತ್ತಾನೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕೂಡ ತಾನೇ ಹಾಕುತ್ತಾನೆ. ಅವನು ಯಾವ ಸಂಗೀತ ಪರೀಕ್ಷೆಯನ್ನೂ ಪಾಸು ಮಾಡಿದವನಲ್ಲ. ಆದರೂ ಸಾವಿರ ಜನರ ಮುಂದೆ ಬೆಳಗಾಗುವ ತನಕ ಹಾಡುತ್ತಾನೆ. ಇಂಥ ಸೀಮೆಯಲ್ಲಿ ಹುಟ್ಟಿ ‘ನಾಲ್ಕು ಜನರ ಮುಂದೆ ನುಡಿಸೋಕೆ ಭಯ ಆಂಟಿ’ ಅನ್ನುವ ಮಕ್ಕಳನ್ನು ಕಂಡರೆ ನನಗೆ ಕರುಳು ಚುರ್ ಅನ್ನುತ್ತದೆ.

ನಾನು ಗಿಟಾರ್ ಹಿಡಿದದ್ದು ಐವತ್ತೊಂದನೇ ವಯಸ್ಸಿನಲ್ಲಿ. ಮಗ ಬೆಂಗಳೂರಿನ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಗಿಟಾರ್ ಎರಡು ವರ್ಷ ಬೀರುವಿನ ಮೇಲೆ ಮಲಗಿತ್ತು. ಈಗ ಕೊತ್ತತ್ತಿಯಲ್ಲಿ ನಮ್ಮ ಬೀದಿಯ ಕಾಲೇಜು ಹುಡುಗರು, ಹೊಸದಾಗಿ ಬಂದ ಒಬ್ಬ ಸೊಸೆ, ರಿಟೈರ್ ಆದ ಒಬ್ಬ ಮೇಷ್ಟ್ರು ನನ್ನ ಜಗಲಿಗೆ ಬಂದು ಅದು ಹೆಂಗೆ, ಇದು ಹೆಂಗೆ ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಓದಿ, ಮರೆಯಬೇಡಿ. ಮರೆಯುತ್ತೀರಿ ಅಂತ ಗೊತ್ತು, ಅದಕ್ಕೇ ಬರೆದದ್ದು.

ಮೊದಲು ಕೊಳ್ಳುವ ಮಾತು.

• ಹೊಸದನ್ನು ಕೊಳ್ಳುವ ಮುಂಚೆ ನೆಂಟರ ಮನೆಯಲ್ಲಿ ಕೇಳಿ ನೋಡಿ. ಇಂಜಿನಿಯರಿಂಗ್ ಓದಿದ ಮಕ್ಕಳಿರುವ ಮನೆಗಳಲ್ಲಿ ಒಂದಲ್ಲ ಒಂದು ಗಿಟಾರ್ ಧೂಳು ತಿನ್ನುತ್ತಿರುತ್ತದೆ. ಹೊಸ ತಂತಿ ಹಾಕಿಸಿದರೆ ಅರ್ಧಕ್ಕರ್ಧ ಹೊಸದಾಗುತ್ತದೆ.

• ಅಂಗಡಿಗೆ ಹೋಗುವಾಗ ಪರ್ಸಿನಲ್ಲಿ ಒಂದು ರೂಪಾಯಿಯ ಎರಡು ನಾಣ್ಯ ಇಟ್ಟುಕೊಂಡು ಹೋಗಿ. ಗಿಟಾರಿನ ಕತ್ತಿನ ಮೇಲೆ ಅಡ್ಡ ಕಂಬಿಗಳಿರುತ್ತವಲ್ಲ, ಅವೇ ಫ್ರೆಟ್. ಹನ್ನೆರಡನೇ ಕಂಬಿಯ ಮೇಲೆ ಆ ಎರಡು ನಾಣ್ಯವನ್ನು ಒಂದರ ಮೇಲೊಂದಿಟ್ಟು ತಂತಿಯ ಕೆಳಗೆ ತೂರಿಸಿ. ಎರಡೂ ಸೇರಿ ಸುಮಾರು 3 ಮಿಲಿಮೀಟರ್. ಅವು ತೂರಿದ ಮೇಲೂ ಮೇಲೆ ಜಾಗ ಉಳಿದರೆ ತಂತಿ ಎತ್ತರದಲ್ಲಿದೆ ಅಂತ ಅರ್ಥ. ಅಂಥದ್ದನ್ನು ತಂದರೆ ಬೆರಳು ನೊಂದು, ಒಂದೇ ತಿಂಗಳಿಗೆ ‘ನನಗೆ ಸಂಗೀತ ಒಲಿಯೋದಿಲ್ಲ’ ಅಂತ ಕೈಬಿಡುತ್ತೀರಿ. ತಪ್ಪು ನಿಮ್ಮದಲ್ಲ, ಗಿಟಾರಿನದು.

• ಬಣ್ಣ ನೋಡಿ ಮರುಳಾಗಬೇಡಿ. ತೊಡೆಯ ಮೇಲಿಟ್ಟು ಬಲಗೈ ಅದರ ಹೊಟ್ಟೆ ದಾಟಿ ತಂತಿಗೆ ಸಲೀಸಾಗಿ ಬರುತ್ತದಾ ನೋಡಿ. ಮೈ ಸಣ್ಣಗಿದ್ದವರಿಗೆ ಸಣ್ಣ ಮೈಯ ಗಿಟಾರೇ ಸರಿ, ದೊಡ್ಡದಾದರೆ ಹೆಗಲು ಹಿಡಿದುಕೊಳ್ಳುತ್ತದೆ.

• ಬೆರಳು ತೀರಾ ನಾಜೂಕಾಗಿದ್ದರೆ ನೈಲಾನ್ ತಂತಿಯ ಗಿಟಾರ್ ಕೇಳಿ. ಸದ್ದು ಮೆತ್ತಗೆ, ನೋವೂ ಕಡಿಮೆ. ಆದರೆ ಅದಕ್ಕೆ ಸ್ಟೀಲ್ ತಂತಿ ಬಿಗಿಯಬೇಡಿ, ಎಳೆತಕ್ಕೆ ಹಲಗೆ ಎದ್ದು ಬರುತ್ತದೆ.

• ತಂತಿಯ ಸೆಟ್ ಜೊತೆಗೆ ತೀರಾ ಸಣ್ಣ ತಂತಿ ಒಂದನ್ನು ಬಿಡಿಯಾಗಿ ತನ್ನಿ. ಮೊದಲು ಹರಿಯುವುದು ಅದೇ. ನಮ್ಮೂರ ಗಣಪತಿ ಚಪ್ಪರದಲ್ಲಿ ನಾನು ಮೊದಲ ಸಲ ನುಡಿಸುವಾಗ ಎರಡನೇ ಚರಣಕ್ಕೇ ಆ ತಂತಿ ಪಟ್ ಅಂತ ಹರಿದು ಕೆನ್ನೆಗೆ ತಾಗಿತು. ಬಿಡಿ ತಂತಿ ತಂದಿರಲಿಲ್ಲ. ಉಳಿದ ಐದರಲ್ಲೇ ಹಾಡು ಮುಗಿಸಿದೆ. ಅಂದಿನಿಂದ ಚೀಲದ ಜೇಬಿನಲ್ಲಿ ಎರಡು ಇದ್ದೇ ಇರುತ್ತವೆ.

• ತಂತಿ ಮೀಟುವ ಪಿಕ್‌ಗೆ ದುಡ್ಡು ಸುರಿಯಬೇಡಿ. ಸೇಫ್ಟಿ ಪಿನ್ ಥರ ಅವೂ ಮನೆಯೊಳಗೇ ಮಾಯವಾಗುತ್ತವೆ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಬೇವಿನ ಬೀಜದಷ್ಟು ಚಿಕ್ಕದಲ್ಲ, ಹುಣಸೆ ಬೀಜಕ್ಕಿಂತ ದೊಡ್ಡದಾಗಿ, ತ್ರಿಕೋನಕ್ಕೆ ಕತ್ತರಿಸಿ ಅಂಚನ್ನು ನುಣ್ಣಗೆ ಉಜ್ಜಿ. ಒಂದು ಕಾರ್ಡಿನಲ್ಲಿ ನಾಲ್ಕು ಆಗುತ್ತವೆ.

ತಂದ ಮೇಲೆ ಅದನ್ನು ಇಡುವ ಜಾಗ. ಇದರಲ್ಲೇ ಎಲ್ಲರೂ ಎಡವುವುದು.

• ಬೀರುವಿನ ಮೇಲೆ ಇಡಬೇಡಿ, ಮಂಚದ ಕೆಳಗೂ ತಳ್ಳಬೇಡಿ. ಕಣ್ಣಿಗೆ ಬೀಳದ್ದು ಕೈಗೂ ಬರುವುದಿಲ್ಲ. ನಡುಮನೆಯ ಗೋಡೆಗೆ ಗಟ್ಟಿ ಗೂಟ ಹೊಡೆಸಿ ನೇತುಹಾಕಿ. ಹೋಗುತ್ತಾ ಬರುತ್ತಾ ಒಂದು ಸಲ ಮೀಟಬೇಕು ಅನ್ನಿಸುತ್ತದೆ.

• ಮಳೆಗಾಲದಲ್ಲಿ ಹೊರಗೋಡೆಗೆ ಒರಗಿಸಬೇಡಿ. ನಾಲೆ ಬಯಲಿನ ನಮ್ಮ ಊರುಗಳಲ್ಲಿ ಗೋಡೆ ತೇವ ಎಳೆಯುತ್ತದೆ, ಮರ ಉಬ್ಬುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಬಿಸಾಡದೆ ಗಿಟಾರ್ ಚೀಲಕ್ಕೆ ಹಾಕಿ. ಮಕ್ಕಳ ಕೈಗೆ ಮಾತ್ರ ಸಿಗದಿರಲಿ.

• ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಮದುವೆ ಊಟಕ್ಕೆ ಹೋಗಬೇಡಿ. ಕಾವಿಗೆ ಅಂಟು ಬಿಟ್ಟು ಸೇತುವೆ ಕಿತ್ತು ಬರುತ್ತದೆ. ತಂತಿಗಳನ್ನು ಕೆಳಗಡೆ ಕಟ್ಟಿರುವ ಮರದ ಪಟ್ಟಿಗೆ ಸೇತುವೆ ಅನ್ನುತ್ತಾರೆ.

• ನುಡಿಸಿದ ಮೇಲೆ ಹಳೇ ಬನಿಯನ್ ಬಟ್ಟೆಯಿಂದ ತಂತಿಗಳನ್ನು ಒರೆಸಿ ಇಡಿ. ಕೈಬೆವರಿನಲ್ಲಿ ಉಪ್ಪಿರುತ್ತದೆ, ತುಕ್ಕು ತರುತ್ತದೆ. ಕೊಬ್ಬರಿ ಎಣ್ಣೆ ಸವರಬೇಡಿ. ಯಾರೋ ಹೇಳಿದರು ಅಂತ ಸವರಿದವರ ತಂತಿಯೆಲ್ಲ ಜಿಡ್ಡು ಹಿಡಿದು ಸದ್ದು ಸತ್ತುಹೋಗಿದ್ದನ್ನು ನೋಡಿದ್ದೇನೆ.

ಇನ್ನು ಬೆರಳಿನ ವಿಚಾರ. ಅಡುಗೆಮನೆಯಲ್ಲಿ, ಹೊಲದಲ್ಲಿ ದುಡಿಯುವ ಕೈಗಳಿಗೆ ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ.

• ಎಡಗೈ ಉಗುರು ಕತ್ತರಿಸಿ. ಉಗುರು ಒಂದು ಎಳ್ಳಿನಷ್ಟು ಮುಂದಿದ್ದರೂ ತಂತಿ ಸರಿಯಾಗಿ ಒತ್ತದೆ ಸದ್ದು ಮೊಂಡಾಗುತ್ತದೆ.

• ಪಾತ್ರೆ ತೊಳೆಯುವ ಮುಂಚೆ ನುಡಿಸಿ, ತೊಳೆದ ಮೇಲೆ ಬೇಡ. ನೀರಿನಲ್ಲಿ ನೆನೆದ ಬೆರಳು ಮೆತ್ತಗಾಗಿ ತಂತಿ ಕೊರೆಯುತ್ತದೆ. ಮೆಣಸಿನಕಾಯಿ ಹೆಚ್ಚಿದ ದಿನ ಎರಡು ಸಲ ಸೋಪು ಹಾಕಿ ಕೈ ತೊಳೆದು, ಒಣಗಿಸಿಕೊಂಡೇ ಮುಟ್ಟಿ. ಕೊರೆದ ಬೆರಳಿಗೆ ಖಾರ ತಾಗಿದರೆ ಆ ಉರಿ ಬೇಗ ಹೋಗುವುದಿಲ್ಲ.

• ಕಬ್ಬಿನ ಗರಿ ಕೊಯ್ದ ಕೈಗೆ ಎರಡು ದಿನ ಬಿಡುವು ಕೊಡಿ. ಅಷ್ಟು ದಿನ ಬಾಯಲ್ಲಿ ಹಾಡಿ, ಕೈಯಲ್ಲಿ ತಾಳ ಹಾಕಿ. ಅದೂ ಅಭ್ಯಾಸವೇ.

• ಕಂಬಿಯ ಮೇಲೆ ಒತ್ತಬೇಡಿ, ಕಂಬಿಯ ಹಿಂದೆ ತೀರಾ ಹತ್ತಿರದಲ್ಲಿ ಒತ್ತಿ. ಅರ್ಧ ಬಲ ಸಾಕು. ಬಲ ಹಾಕಿ ಒತ್ತಿದ ಮಾತ್ರಕ್ಕೆ ಒಳ್ಳೇ ಸದ್ದು ಬರುವುದಿಲ್ಲ ಕಣವ್ವ, ಜಾಗ ಸರಿಯಿದ್ದರೆ ಬರುತ್ತದೆ.

• ತುದಿ ಬೆರಳು ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ತುದಿಯ ಚರ್ಮ ಉರಿದರೆ ಹೆದರಬೇಡಿ. ಮಣಿಕಟ್ಟು ನೊಂದರೆ ಮಾತ್ರ ನಿಲ್ಲಿಸಿ. ಅದು ಕೂರುವ ಭಂಗಿಯ ತಪ್ಪು, ತಿದ್ದಿಕೊಳ್ಳಿ.

• ಗಾಜಿನ ಬಳೆ ಬಿಚ್ಚಿಟ್ಟು ಕೂರಿ. ಬಳೆಯೂ ಉಳಿಯುತ್ತದೆ, ಗಿಟಾರಿನ ಪಾಲಿಶೂ ಉಳಿಯುತ್ತದೆ.

ಕಲಿಯುವ ಮಾತಿಗೆ ಬರೋಣ.

• ಪ್ರತಿ ಸಲ ಶ್ರುತಿ ಮಾಡಿಯೇ ನುಡಿಸಿ. ದಪ್ಪ ತಂತಿಯಿಂದ ಸಣ್ಣದಕ್ಕೆ ಇ, ಎ, ಡಿ, ಜಿ, ಬಿ, ಇ. ಮೊಬೈಲಿನಲ್ಲಿ ಪುಕ್ಕಟೆ ಟ್ಯೂನರ್ ಸಿಗುತ್ತದೆ. ಬಿರಡೆಯನ್ನು ಸ್ವಲ್ಪ ಸಡಿಲಿಸಿ, ಕೆಳಗಿನಿಂದ ಮೇಲಕ್ಕೆ ತನ್ನಿ. ಹಾಗೆ ಏರಿಸಿದ ಶ್ರುತಿ ನಿಲ್ಲುತ್ತದೆ. ಶ್ರುತಿ ತಪ್ಪಿದ ತಂತಿ ಮೀಟುತ್ತಾ ಕೂತರೆ ಕೆಡುವುದು ನಿಮ್ಮ ಕಿವಿ, ಅದನ್ನು ರಿಪೇರಿ ಮಾಡುವ ಅಂಗಡಿ ಇಲ್ಲ.

• ದಿನಕ್ಕೆ ಹದಿನೈದು ನಿಮಿಷ ಕೂರಿ. ಭಾನುವಾರ ಎರಡು ಗಂಟೆ ಕೂತು, ಸೋಮವಾರದಿಂದ ಶನಿವಾರದವರೆಗೆ ಮುಟ್ಟದಿದ್ದರೆ ಬೆರಳು ಪ್ರತಿ ವಾರವೂ ಹೊಸದಾಗಿ ನೋಯುತ್ತದೆ.

• ಮುದ್ದೆಗೆ ಎಸರಿಟ್ಟು ಗಿಟಾರ್ ಹಿಡಿಯಬೇಡಿ. ಎಸರು ಉಕ್ಕಿ ಒಲೆ ಆರುತ್ತದೆ, ನೀವು ಎದ್ದು ಓಡುವಾಗ ಗಿಟಾರ್ ಬೀಳುತ್ತದೆ. ಊಟ ಮುಗಿದು ಟಿವಿ ಹಾಕುವ ಮುಂಚಿನ ಹೊತ್ತು ಒಳ್ಳೆಯದು.

• ಮೊದಲ ತಿಂಗಳು ನಾಲ್ಕೇ ಕಾರ್ಡ್: ಇ ಮೈನರ್, ಜಿ, ಸಿ, ಡಿ. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಯುವ ಹಾಗೆ ತಂತಿಗಳನ್ನು ಹಿಡಿಯುವುದು. ಹಿಡಿಯುವುದು ಸುಲಭ, ಒಂದರಿಂದ ಇನ್ನೊಂದಕ್ಕೆ ದಾಟುವುದು ಕಷ್ಟ. ಎರಡು ಕಾರ್ಡ್ ಆರಿಸಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ದಾಟಿದಿರಿ ಅಂತ ಎಣಿಸಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. ಹಾಲಿನ ಲೆಕ್ಕ ಬರೆಯುವ ಪಕ್ಕದಲ್ಲೇ ಬರೆಯಿರಿ, ಮರೆಯುವುದಿಲ್ಲ. ನನ್ನದು ಮೊದಲ ದಿನ ಒಂಬತ್ತು ಸಲ, ಗೌರಿ ಹಬ್ಬದ ಹೊತ್ತಿಗೆ ಮೂವತ್ತೆಂಟು.

• ನಿಮ್ಮ ಗಂಟಲಿನ ಶ್ರುತಿ ಯಾವುದು ಅಂತ ತಿಳಿದುಕೊಳ್ಳಿ. ನಮ್ಮ ಹಾರ್ಮೋನಿಯಂ ಮೇಷ್ಟ್ರುಗಳು ಮನೆ ಲೆಕ್ಕದಲ್ಲಿ ಹೇಳುತ್ತಾರಲ್ಲ, ಅದೇ ಗಿಟಾರಿಗೂ ಆಗುತ್ತದೆ. ಐದು ಮನೆಗೆ ಹಾಡುವ ಹೆಂಗಸರಿಗೆ ಜಿ, ಸಿ, ಡಿ ನೇರವಾಗಿ ಸರಿಹೋಗುತ್ತದೆ. ಐದೂವರೆ ಅಂದರೆ ಮೊದಲ ಫ್ರೆಟ್‌ಗೆ ಕೇಪೋ ಹಾಕಿ ಅದನ್ನೇ ಹಿಡಿಯಿರಿ. ಒಂದು ಮನೆಗೆ ಹಾಡುವ ಗಂಡಸರು ಮೂರನೇ ಫ್ರೆಟ್‌ಗೆ ಕೇಪೋ ಹಾಕಿ ಎ, ಡಿ, ಇ ಹಿಡಿಯಿರಿ, ಆ ಕಷ್ಟದ ಎಫ್ ಕಾರ್ಡಿನ ಗೊಡವೆಯೇ ಬೇಡ. ಕೇಪೋ ಅಂದರೆ ಕತ್ತಿಗೆ ಕಚ್ಚಿಸುವ ಕ್ಲಿಪ್ಪು. ಗಂಟಲನ್ನು ಗಿಟಾರಿಗೆ ಬಗ್ಗಿಸಬೇಡಿ, ಗಿಟಾರನ್ನು ಗಂಟಲಿಗೆ ಬಗ್ಗಿಸಿ.

• ಹತ್ತು ಹಾಡಿನ ಪಲ್ಲವಿ ಬೇಡ, ಒಂದು ಹಾಡನ್ನು ಕೊನೆಯತನಕ ಕಲಿಯಿರಿ. ‘ಒಂದು ಹಾಡು ಹಾಡಿ’ ಅಂದಾಗ ಅರ್ಧ ಹಾಡಿ ‘ಮುಂದೆ ಬರೋದಿಲ್ಲ’ ಅನ್ನುವುದಕ್ಕಿಂತ ಅವಮಾನ ಬೇರೆ ಇಲ್ಲ.

• ಆ ಒಂದು ಹಾಡು ನಿಮ್ಮ ನಾಲಿಗೆಯ ಮೇಲೆ ಮೊದಲೇ ಇರುವುದಾಗಿರಲಿ. ನಮ್ಮ ಜಿಲ್ಲೆಯ ಕಿಕ್ಕೇರಿಯವರೇ ಆದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದದ್ದು. 1992ರ ಸಿನಿಮಾಕ್ಕೆ ಸಿ. ಅಶ್ವತ್ಥ್ ಸಂಗೀತ ಕೊಟ್ಟ ಮೇಲಂತೂ ಆ ಪದ್ಯಗಳು ಮನೆಮನೆಯ ಹಾಡಾದವು. ಮಾತು ಬಾಯಿಗೆ ಬರುವುದಾದರೆ ಗಮನವೆಲ್ಲ ಕೈಗೆ ಉಳಿಯುತ್ತದೆ. ಗೊತ್ತಿಲ್ಲದ ಇಂಗ್ಲಿಷ್ ಹಾಡಿನಿಂದ ಶುರುಮಾಡಿದರೆ ಮಾತು, ರಾಗ, ಕೈ ಮೂರನ್ನೂ ಒಟ್ಟಿಗೆ ಎಳೆಯಬೇಕು.

• ತಾಳವನ್ನು ಕಾಲಿನಿಂದ ಕಲಿಯಿರಿ. ಹಬ್ಬದ ತಮಟೆಗೆ ಹೆಜ್ಜೆ ಹಾಕಿದ ಕಾಲು ನಿಮ್ಮದು, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಹಾಡು ಮೂರರ ನಡೆಯೋ ನಾಲ್ಕರದೋ ಅಂತ ಚಪ್ಪಾಳೆಯಲ್ಲಿ ಕಂಡುಕೊಂಡು ಆಮೇಲೆ ತಂತಿಗೆ ಕೈ ಹಾಕಿ. ಕಾರ್ಡ್ ತಪ್ಪಿದರೆ ಜನ ಮನ್ನಿಸುತ್ತಾರೆ, ತಾಳ ತಪ್ಪಿದರೆ ಎದ್ದು ಹೋಗುತ್ತಾರೆ.

• ಯೂಟ್ಯೂಬ್ ನೋಡಿ, ಆದರೆ ಒಬ್ಬರನ್ನೇ ನೋಡಿ. ದಿನಕ್ಕೊಬ್ಬ ಗುರು ಆದರೆ ದಿನವೂ ಮೊದಲ ಪಾಠವೇ ಆಗುತ್ತದೆ. ಕೈಯಲ್ಲಾದರೆ ಮಂಡ್ಯದಲ್ಲೋ ಮೈಸೂರಿನಲ್ಲೋ ಮೂರು ತಿಂಗಳಾದರೂ ಗುರುಗಳ ಎದುರು ಕೂತು ಬನ್ನಿ. ಹಿಡಿತ ತಪ್ಪಿದ್ದನ್ನು ಮೊಬೈಲು ಹೇಳುವುದಿಲ್ಲ.

• ‘ಇದು ನಮ್ಮ ವಾದ್ಯ ಅಲ್ಲ’ ಅನ್ನುವವರ ಮಾತಿಗೆ ಕುಗ್ಗಬೇಡಿ. ಪಿಟೀಲೂ ಹಾರ್ಮೋನಿಯಮ್ಮೂ ಹೊರಗಿನಿಂದ ಬಂದವೇ. ಈಗ ಹಾರ್ಮೋನಿಯಂ ಇಲ್ಲದೆ ನಮ್ಮ ಕುರುಕ್ಷೇತ್ರದ ಪರದೆಯೇ ಏಳುವುದಿಲ್ಲ. ಮೈಸೂರಿನ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಗಿಟಾರನ್ನು ತಾವೇ ಕಲಿತರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಶಿಶುನಾಳ ಷರೀಫರ ಪದಗಳನ್ನು ಅದರ ಮೇಲೆ ದೇಶ ವಿದೇಶದಲ್ಲಿ ಹಾಡಿದರು. ಹಾಡು ನಮ್ಮದಾದರೆ ವಾದ್ಯವೂ ನಮ್ಮದಾಗುತ್ತದೆ.

ಈಗ ನೀವೆಲ್ಲ ಕಾದಿರುವ ಮಾತು, ಜನರ ಮುಂದಿನ ಭಯ. ನಮ್ಮಪ್ಪ ನಾಟಕದಲ್ಲಿ ವಿದುರನ ಪಾರ್ಟು ಮಾಡುತ್ತಿದ್ದರು. ರಿಹರ್ಸಲ್ ಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತು ನೋಡಿದವಳು ನಾನು. ಲ್ಯಾಂಪಿನ ಬೆಳಕು, ಹಾರ್ಮೋನಿಯಂ ಮೇಲೆ ಮೇಷ್ಟ್ರ ಬೀಡಿ ಡಬ್ಬಿ, ಬಾಗಿಲಲ್ಲಿ ಊರ ಹುಡುಗರ ಗುಂಪು. ಆ ಬಾಗಿಲನ್ನು ಯಾವತ್ತೂ ಮುಚ್ಚುತ್ತಿರಲಿಲ್ಲ. ತಿಂಗಳುಗಟ್ಟಲೆ ನಾಲ್ಕು ಜನ ನೋಡುತ್ತಿರುವಾಗಲೇ ತಪ್ಪಿ, ತಿದ್ದಿ, ಮತ್ತೆ ಹಾಡುತ್ತಿದ್ದರು. ಪರದೆ ಏಳುವ ದಿನಕ್ಕೆ ಜನ ಹೊಸಬರಾಗಿರುತ್ತಿರಲಿಲ್ಲ, ಹೆಚ್ಚಾಗಿರುತ್ತಿದ್ದರು ಅಷ್ಟೆ. ಧೈರ್ಯ ಅಲ್ಲೇ ಹುಟ್ಟುತ್ತಿತ್ತು.

• ಹಾಗಾಗಿ ಬಾಗಿಲು ಹಾಕಿಕೊಂಡು ಕಲಿಯಬೇಡಿ. ಮೊದಲ ತಿಂಗಳು ಸರಿ, ಆಮೇಲೆ ಜಗಲಿಗೆ ಬನ್ನಿ. ಹಾದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಕೇಳಿ ಹೋಗಲಿ.

• ಮೊದಲು ಅಮ್ಮನ ಮುಂದೆ ನುಡಿಸಿ, ಆಮೇಲೆ ಮೂವರ ಮುಂದೆ, ಆಮೇಲೆ ನಾಮಕರಣದ ಮನೆಯಲ್ಲಿ, ಆಮೇಲೆ ಗಣಪತಿ ಚಪ್ಪರ. ಮೆಟ್ಟಿಲು ಹಾರಬೇಡಿ. ನೇರವಾಗಿ ಟಿವಿ ಶೋಗೆ ಅಂತ ಮಕ್ಕಳನ್ನು ಎಳೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೂ ಇದೇ ಮಾತು. ಮಗು ಸಂತೋಷಕ್ಕೆ ಕಲಿಯುತ್ತಿದ್ದರೆ ಅದೇ ಸಾಕು, ಬಹುಮಾನದ ಆಸೆ ಹೊರಿಸಬೇಡಿ.

• ತಪ್ಪಾದರೆ ನಿಲ್ಲಬೇಡಿ, ಮುಖವನ್ನೂ ಕಿವುಚಬೇಡಿ. ಅಪ್ಪ ಹೇಳುತ್ತಿದ್ದರು, ‘ನಿಂತ್ರೆ ಜನಕ್ಕೆ ಗೊತ್ತಾಯ್ತದೆ ಕಣವ್ವ, ನಡ್ಸುದ್ರೆ ಗೊತ್ತಾಗಕ್ಕಿಲ್ಲ’ ಅಂತ. ಮನೆಯಲ್ಲೇ ಇದನ್ನು ಅಭ್ಯಾಸ ಮಾಡಿ. ದಿನದ ಕೊನೆಗೆ ಒಂದು ಸಲ, ಏನೇ ತಪ್ಪಾದರೂ ಹಾಡು ಮುಗಿಯುವ ತನಕ ನಿಲ್ಲಿಸದೆ ನುಡಿಸಿ.

• ನಿಂತು ನುಡಿಸಬೇಕಾದರೆ ನಿಂತೇ ಅಭ್ಯಾಸ ಮಾಡಿ. ಮನೆಯಲ್ಲಿ ಕೂತು ಕಲಿತು ಸ್ಟೇಜಿನಲ್ಲಿ ಪಟ್ಟಿ ಹಾಕಿ ನಿಂತರೆ ಫ್ರೆಟ್ ಇರುವ ಜಾಗವೇ ಬದಲಾದಂತೆ ಆಗುತ್ತದೆ. ಅಂದು ಉಡುವ ಸೀರೆಯಲ್ಲೋ ಪಂಚೆಯಲ್ಲೋ ಒಂದು ದಿನ ನುಡಿಸಿ ನೋಡಿ. ಸೆರಗು ತಂತಿಗೆ ಬೀಳುತ್ತದೆ, ಪಿನ್ ಎಲ್ಲಿ ಹಾಕಬೇಕು ಅಂತ ಅಂದೇ ಗೊತ್ತಾಗಲಿ.

• ವಾರಕ್ಕೊಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತಾರೀಖು ಹಾಕಿ ಇಡಿ. ಮೊದಲನೆಯದನ್ನು ಅಳಿಸಬೇಡಿ. ಆರು ತಿಂಗಳ ಮೇಲೆ ಬೇಜಾರಾದ ದಿನ ಅದನ್ನು ಕೇಳಿ, ಎಷ್ಟು ದೂರ ಬಂದಿದ್ದೀರಿ ಅಂತ ತಿಳಿಯುತ್ತದೆ.

• ಮೈಕು ಎರಡು ಕೇಳಿ, ಬಾಯಿಗೊಂದು ಗಿಟಾರಿಗೊಂದು. ಗಿಟಾರಿನದನ್ನು ದುಂಡು ತೂತಿನ ನೇರಕ್ಕೆ ಇಡಬೇಡಿ, ಗುಂಯ್ ಅನ್ನುತ್ತದೆ. ಕತ್ತು ಮೈಗೆ ಸೇರುವ ಜಾಗದ ಕಡೆ ತಿರುಗಿಸಿ. ಸ್ಪೀಕರ್ ಡಬ್ಬಗಳು ನಿಮಗಿಂತ ಮುಂದೆ ಇರಲಿ, ಹಿಂದೆ ಇದ್ದರೆ ಕುಯ್ಯೋ ಅಂತ ಕೂಗುತ್ತವೆ. ಮೈಕೇ ಇಲ್ಲದ ಕಡೆ ಕೊರಗಬೇಡಿ, ಜನರನ್ನೇ ಹತ್ತಿರ ಕೂರಿಸಿಕೊಳ್ಳಿ. ಮಳವಳ್ಳಿ ದಾಟಿದರೆ ಸಿಗುವ ತಿರುಮಕೂಡಲಿನ ಪಿಟೀಲು ಚೌಡಯ್ಯನವರು ಹಿಂದೆ ಕೂತವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿಸಿದ್ದರು. ಕೇಳುವವರ ಮೇಲೆ ಅಷ್ಟು ಕಾಳಜಿ.

• ವೈರ್ ಚುಚ್ಚುವ ಗಿಟಾರ್ ಆದರೆ ಅರ್ಥಿಂಗ್ ಇದೆಯಾ ಅಂತ ಮೈಕ್‌ಸೆಟ್‌ನವರನ್ನು ಕೇಳಿಯೇ ಮುಟ್ಟಿ. ತಂತಿ ಹಿಡಿದ ಕೈ, ಮೈಕಿಗೆ ತಾಗಿದ ತುಟಿ, ಒದ್ದೆ ನೆಲ ಮೂರೂ ಸೇರಿದರೆ ಜೀವಕ್ಕೇ ಅಪಾಯ. ಮಳೆ ಹನಿ ಬಿದ್ದ ಚಪ್ಪರದಲ್ಲಿ ನುಡಿಸಬೇಡಿ. ಯಾರು ಬಲವಂತ ಮಾಡಿದರೂ ಬೇಡ ಅನ್ನಿ. ಈ ಒಂದು ವಿಚಾರದಲ್ಲಿ ಸಂಕೋಚ ಪಡಬೇಡಿ.

• ರಾಜ್ಯೋತ್ಸವದಲ್ಲಿ ನಾಡಗೀತೆಗೆ ಗಿಟಾರ್ ನುಡಿಸಿ ಅಂದರೆ ಹೊಸ ಧಾಟಿ ಕಟ್ಟಲು ಹೋಗಬೇಡಿ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಮಾಡಿದೆ, ಹೊತ್ತು 2 ನಿಮಿಷ 30 ಸೆಕೆಂಡ್. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ.

• ಹೊಟ್ಟೆ ಬಿರಿಯ ಉಂಡು ಸ್ಟೇಜ್ ಹತ್ತಬೇಡಿ. ಬೆಚ್ಚಗಿನ ನೀರು ಕುಡಿಯಿರಿ, ಕೈ ತಣ್ಣಗಿದ್ದರೆ ಉಜ್ಜಿಕೊಳ್ಳಿ. ಸಾಹಿತ್ಯವನ್ನು ದಪ್ಪ ಅಕ್ಷರದಲ್ಲಿ ಬರೆದ ಹಾಳೆ ಕಾಲ ಬಳಿ ಇರಲಿ. ನೋಡುವುದಿಲ್ಲ, ಆದರೆ ಇದೆ ಅನ್ನುವ ಧೈರ್ಯ ದೊಡ್ಡದು.

• ಮನೆಯ ಹೆಣ್ಣುಮಕ್ಕಳ ಕೈಗೂ ಗಿಟಾರ್ ಕೊಡಿ. ಇದೇ ಮಳವಳ್ಳಿಯ ಸುಂದರಮ್ಮನವರು ಕಂಪನಿ ನಾಟಕಗಳಲ್ಲಿ ಹಾಡಿ ಹೆಸರು ಮಾಡಿದವರು. ‘ನಿನಗ್ಯಾಕೆ’ ಅನ್ನುವ ಮಾತು ನನ್ನನ್ನು ಮೂವತ್ತು ವರ್ಷ ತಡ ಮಾಡಿಸಿತು. ನಿಮ್ಮ ಮಗಳಿಗೆ, ಸೊಸೆಗೆ ಹಾಗೆ ಆಗುವುದು ಬೇಡ.

ಇಷ್ಟು ಓದಿ ‘ನಾಳೆಯಿಂದ’ ಅಂದುಕೊಳ್ಳುತ್ತಿದ್ದೀರಿ, ನನಗೆ ಗೊತ್ತು. ನಾಳೆ ಬೇಡ. ಇವತ್ತು ಸಂಜೆಯೇ ಗಿಟಾರನ್ನು ಕೆಳಗಿಳಿಸಿ, ಧೂಳು ಒರೆಸಿ, ತಂತಿ ಎಣಿಸಿ. ಆರಕ್ಕೆ ಒಂದು ಕಡಿಮೆಯಿದ್ದರೆ ಬೆಳಿಗ್ಗೆ ಮಂಡ್ಯದ ಬಸ್ಸು ಹತ್ತುವವರ ಕೈಯಲ್ಲಿ ದುಡ್ಡು ಕೊಟ್ಟು ತರಿಸಿ. ಸಣ್ಣ ತಂತಿ ಒಂದನ್ನು ಹೆಚ್ಚಿಗೆ ತರಲು ಹೇಳುವುದನ್ನು ಮರೆಯಬೇಡಿ.